ಮ್ಯಾನೀಸ್, ಶಿಕಾಗೊ: ರಾಜಕಾರಣಿಗಳ ಊಟದ ಮನೆಯೆಂಬ ಖ್ಯಾತಿಯೂ ಅಲ್ಲಿನ ತಟ್ಟೆಯೂ

ಶಿಕಾಗೊ ನಗರದ ಸೌತ್ ಜೆಫರ್ಸನ್ ಬೀದಿಯಲ್ಲಿ, ರೂಸ್‌ವೆಲ್ಟ್ ರಸ್ತೆಗೆ ಸಮೀಪದಲ್ಲಿರುವ ಮ್ಯಾನೀಸ್ ಎಂಬ ಹೋಟೆಲಿಗೆ ಎರಡು ಬಗೆಯ ಖ್ಯಾತಿಯಿದೆ. ಮೊದಲನೆಯದು ಅದರ ಕಾರ್ನ್ಡ್ ಬೀಫ್ ಸ್ಯಾಂಡ್‌ವಿಚ್ಚಿನದು. ಎರಡನೆಯದು, ಇಲಿನಾಯ್ ರಾಜ್ಯದಲ್ಲಿ ಮತ ಕೇಳಲು ಹೊರಟ ಯಾವ ಅಭ್ಯರ್ಥಿಯೂ, ಆತ ನಗರಸಭೆಗೆ ನಿಂತಿರಲಿ ಶ್ವೇತಭವನಕ್ಕೆ ನಿಂತಿರಲಿ, ಒಮ್ಮೆ ಇಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲೇಬೇಕು ಎಂಬ ಮಾತಿನದು. ಹೊರ ಊರುಗಳಿಂದ ಬರುವವರು, ಅವರಲ್ಲಿ ನೇಪರ್‌ವಿಲ್, ಶಾಂಬರ್ಗ್ ಕಡೆಯ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ, ಹೆಚ್ಚಾಗಿ ಈ ಎರಡನೆಯ ಖ್ಯಾತಿಯನ್ನು ಕೇಳಿಯೇ ಬರುತ್ತಾರೆ. ಆದ್ದರಿಂದ ಈ ವಿಮರ್ಶೆಯಲ್ಲಿ ಊಟದ ಗುಣವನ್ನಷ್ಟೇ ಹೇಳಿ ನಿಲ್ಲಿಸದೆ, ಗೋಡೆಯ ಮೇಲಿನ ಚಿತ್ರಗಳು ಹೇಳುವ ಕಥೆಯಲ್ಲಿ ಎಷ್ಟು ನಿಜವಿದೆ ಎಂಬುದನ್ನೂ ನೋಡಬೇಕೆಂದಿದ್ದೇನೆ.

1942ರಲ್ಲಿ ರಾಸ್ಕಿನ್ ಸಹೋದರರು ಆರಂಭಿಸಿದ ಈ ಹೋಟೆಲನ್ನು ಅದೇ ಮನೆತನದ ನಾಲ್ಕನೆಯ ತಲೆಮಾರು ನಡೆಸುತ್ತಿದೆ. 1960ರ ದಶಕದಲ್ಲಿ ಅದು ಈಗಿನ ಜಾಗಕ್ಕೆ ಬಂತು. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಅಡುಗೆಯೇ ಇಲ್ಲಿನ ಮೂಲ. ಆದರೆ ಧರ್ಮನಿಯಮದ ಕಟ್ಟುನಿಟ್ಟಾದ ಅಡುಗೆಮನೆಯೆಂದು ಭಾವಿಸಿ ಹೋಗಬಾರದು. ಇಲ್ಲಿ ಉಳಿದಿರುವುದು ಆ ಅಡುಗೆಯ ರುಚಿ ಮತ್ತು ಪರಿಪಾಠ ಮಾತ್ರ. ಒಳಗೆ ಸಾದಾ ಮೇಜು, ಸಾದಾ ಕುರ್ಚಿ, ಪ್ರಖರವಾದ ಬೆಳಕು. ಹೋಟೆಲಿಗೆ ಅಂದ ತರಬೇಕೆಂದು ಯಾರೂ ಕಷ್ಟಪಟ್ಟಂತೆ ಕಾಣುವುದಿಲ್ಲ, ಮತ್ತು ನನ್ನ ಲೆಕ್ಕದಲ್ಲಿ ಅದು ಗುಣವೇ ಹೊರತು ಕೊರತೆಯಲ್ಲ.

ವ್ಯವಸ್ಥೆ ಹೀಗಿದೆ. ಬಾಗಿಲು ದಾಟಿದ ಕೂಡಲೇ ಟ್ರೇ ಎತ್ತಿಕೊಂಡು ಉದ್ದನೆಯ ಕೌಂಟರಿನ ಪಕ್ಕದಲ್ಲಿ ಸಾಗಬೇಕು. ಸೂಪು, ಬಿಸಿ ಪದಾರ್ಥ, ಸ್ಯಾಂಡ್‌ವಿಚ್, ಸಿಹಿ, ಪಾನೀಯ ಎಲ್ಲವೂ ಆ ಸಾಲಿನಲ್ಲೇ ಇವೆ, ಮತ್ತು ಕೌಂಟರಿನ ಹಿಂದಿರುವವರು ನಮ್ಮ ಆಯ್ಕೆಗಾಗಿ ಬಹಳ ಹೊತ್ತು ಕಾಯುವವರಲ್ಲ. ನಮ್ಮ ಬೆಂಗಳೂರಿನ ದರ್ಶಿನಿಗಳಲ್ಲಿ ಮೊದಲು ಹಣ, ಆಮೇಲೆ ಚೀಟಿ, ಕೊನೆಗೆ ತಿಂಡಿ. ಇಲ್ಲಿ ಕ್ರಮ ತಿರುವುಮುರುವಾಗಿದೆ, ಮೊದಲು ತಿಂಡಿ, ಜೊತೆಗೆ ಚೀಟಿ, ಉಂಡು ಹೊರಡುವಾಗ ಬಾಗಿಲ ಬಳಿಯ ಗಲ್ಲೆಯಲ್ಲಿ ಹಣ. ಯಾವ ಮೇಜೂ ಯಾರಿಗೂ ಕಾದಿರಿಸಿದ್ದಲ್ಲ. ನ್ಯಾಯಾಧೀಶರ ಪಕ್ಕದ ಕುರ್ಚಿಯಲ್ಲಿ ಕಟ್ಟಡ ಕೆಲಸದವರು, ಅವರ ಎದುರಿಗೆ ಪೊಲೀಸರು ಕೂರುವುದು ಇಲ್ಲಿ ಸಹಜ. ಈ ಸಣ್ಣ ಏರ್ಪಾಟೇ ಈ ಜಾಗವನ್ನು ರಾಜಕಾರಣಿಗಳಿಗೆ ಪ್ರಿಯವಾಗಿಸಿತೆಂದು ನನಗೆ ತೋರುತ್ತದೆ. ಸಾಲಿನಲ್ಲಿ ನಿಂತವರೊಡನೆ ಮಾತಾಡದೆ ಇರುವುದು ಅಸಾಧ್ಯ, ಹಾಗೂ ಮಾತಾಡಿದ್ದು ಕೃತಕವಾಗಿ ಕಾಣುವುದಿಲ್ಲ.

ಸ್ಯಾಂಡ್‌ವಿಚ್ಚಿನ ವಿಷಯಕ್ಕೆ ಬಂದರೆ, ಅದರ ಹೆಸರು ಹುಸಿಯಲ್ಲ. ಮಸಾಲೆಯ ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆದು, ನಿಧಾನವಾಗಿ ಬೆಂದ ದನದ ಮಾಂಸವನ್ನು ಕಣ್ಣೆದುರೇ ತೆಳುವಾಗಿ ಸೀಳಿ, ರೈ ಬ್ರೆಡ್ಡಿನ ಎರಡು ತುಂಡುಗಳ ನಡುವೆ ಒಂದು ಕೈಯಲ್ಲಿ ಹಿಡಿಯಲಾಗದಷ್ಟು ಎತ್ತರಕ್ಕೆ ಪೇರಿಸುತ್ತಾರೆ. ಉಪ್ಪು ಮುಂದೆ ಬರುತ್ತದೆ, ಸಾಸಿವೆ ಹಚ್ಚಿದರೆ ಅದು ಹದಕ್ಕೆ ಬರುತ್ತದೆ. ಹಚ್ಚದೆ ತಿನ್ನುವುದು ಅರ್ಧ ಊಟವೇ ಸರಿ. ಜೊತೆಗೆ ಉಪ್ಪಿನಕಾಯಿಯ ಹೋಳು ಮತ್ತು ಆಲೂಗಡ್ಡೆಯ ಪ್ಯಾನ್‌ಕೇಕ್ ಬರುತ್ತವೆ. ಹೊರಗೆ ಕಂದಾಗಿ ಗರಿಗರಿ, ಒಳಗೆ ಮೆತ್ತಗಿರುವ ಈ ಪ್ಯಾನ್‌ಕೇಕ್ ನನ್ನ ಮಟ್ಟಿಗೆ ಸ್ಯಾಂಡ್‌ವಿಚ್ಚಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವ ವಸ್ತು. ಬೆಲೆ ಅಗ್ಗವಲ್ಲ, ಒಂದು ಸ್ಯಾಂಡ್‌ವಿಚ್ಚಿಗೇ ಸುಮಾರು 20 ಡಾಲರುಗಳ ಆಸುಪಾಸು ತೆರಬೇಕು. ದುಡಿಯುವವರ ಕ್ಯಾಂಟೀನು ಎಂಬ ಮಾತನ್ನು ಈ ಬೆಲೆಯ ಎದುರಿಗಿಟ್ಟು ನೋಡಿದರೆ ಸ್ವಲ್ಪ ಇರುಸುಮುರುಸಾಗುವುದು ನಿಜವಾದರೂ, ಇಬ್ಬರು ಹಂಚಿಕೊಂಡು ಉಣ್ಣುವಷ್ಟು ಪ್ರಮಾಣವಿರುವುದರಿಂದ ದೂರು ಹೇಳುವಂತಿಲ್ಲ.

ಸಸ್ಯಾಹಾರಿಗಳಿಗೆ ಮೊದಲೇ ಒಂದು ಎಚ್ಚರಿಕೆ ಅಗತ್ಯ. ಮಾಟ್ಸೊ ಬಾಲ್ ಸೂಪಿನಲ್ಲಿ ತೇಲುವ ಉಂಡೆ ಹಿಟ್ಟಿನದಾದರೂ ಸಾರು ಕೋಳಿಯದು. ಆಲೂಗಡ್ಡೆ ಪ್ಯಾನ್‌ಕೇಕಿಗೆ ಮೊಟ್ಟೆ ಬೀಳುತ್ತದೆ. ಮೊಟ್ಟೆಗೆ ಅಭ್ಯಂತರವಿಲ್ಲದವರು ಪ್ಯಾನ್‌ಕೇಕಿನ ಜೊತೆಗೆ ಗಿಣ್ಣು ತುಂಬಿದ ಬ್ಲಿಂಟ್ಸ್ ಎಂಬ ತೆಳುದೋಸೆಯಂಥ ಮಡಿಕೆಗಳನ್ನು ತೆಗೆದುಕೊಂಡು ಹೊಟ್ಟೆ ತುಂಬಿಸಿಕೊಳ್ಳಬಹುದು. ಮೊಟ್ಟೆಯೂ ಬೇಡವೆನ್ನುವವರಿಗೆ ಇಲ್ಲಿ ಕಾಫಿ ಕುಡಿದು ಗೋಡೆ ನೋಡುವ ಕೆಲಸವೇ ಉಳಿಯುತ್ತದೆ.

ಗೋಡೆಯಂತೂ ನೋಡುವಂಥದ್ದೇ. ಪತ್ರಿಕೆಯ ತುಣುಕುಗಳು, ಕೈಕುಲುಕುವ ಚಿತ್ರಗಳು, ನಗುವ ಮೇಯರುಗಳು, ಗವರ್ನರುಗಳು. 2008ರ ನವೆಂಬರಿನಲ್ಲಿ, ಚುನಾವಣೆ ಗೆದ್ದು ಇನ್ನೂ ಅಧಿಕಾರ ವಹಿಸಿಕೊಂಡಿರದ ದಿನಗಳಲ್ಲಿ, ಬರಾಕ್ ಒಬಾಮಾ ಇಲ್ಲಿಗೆ ಬಂದು ಕಾರ್ನ್ಡ್ ಬೀಫ್ ಸ್ಯಾಂಡ್‌ವಿಚ್ಚುಗಳನ್ನು ಕಟ್ಟಿಸಿಕೊಂಡು ಹೋದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅವರ ಪ್ರಚಾರದ ಮುಖ್ಯ ತಂತ್ರಜ್ಞರಾಗಿದ್ದ, ಅದಕ್ಕೂ ಮೊದಲು ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯ ವರದಿಗಾರರಾಗಿದ್ದ ಡೇವಿಡ್ ಆಕ್ಸೆಲ್‌ರಾಡ್ ಇಲ್ಲಿನ ಹಳೆಯ ಗಿರಾಕಿ. ಇಷ್ಟನ್ನು ಕಂಡವರಿಗೆ ಅಧ್ಯಕ್ಷರು ಈ ಮೇಜುಗಳ ಸುತ್ತಲೇ ತಯಾರಾಗುತ್ತಾರೇನೋ ಎಂಬ ಭಾವನೆ ಬರುವುದು ಸಹಜ. ಆದರೆ ಒಂದು ಮಹಾನಗರವು ದೇಶದ ಅಧ್ಯಕ್ಷನ ಆಯ್ಕೆಯನ್ನು ಹೇಗೆ ಪ್ರಭಾವಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ, ಈ ಹೋಟೆಲಿನಿಂದ ಎರಡು ಮೈಲಿಯೊಳಗೆ ಇರುವ, ಅಥವಾ ಒಂದು ಕಾಲಕ್ಕೆ ಇದ್ದ, ಬೇರೆ ಕೆಲವು ಕೋಣೆಗಳನ್ನು ನೆನೆಯಬೇಕಾಗುತ್ತದೆ.

ಅವುಗಳಲ್ಲಿ ಮೊದಲನೆಯದು ಲೇಕ್ ಬೀದಿಯ ಬಳಿ ಮರದಿಂದ ಕಟ್ಟಿದ್ದ ವಿಗ್ವಾಮ್ ಎಂಬ ಸಭಾಂಗಣ. 1860ರ ಮೇ ತಿಂಗಳಿನಲ್ಲಿ, ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ ಪಕ್ಷದ ಸಮಾವೇಶ ಅಲ್ಲಿ ನಡೆದಾಗ ಎಲ್ಲರಿಗಿಂತ ಮುಂದಿದ್ದವರು ನ್ಯೂಯಾರ್ಕಿನ ವಿಲಿಯಂ ಸಿವಾರ್ಡ್. ಊರಿನ ಬೆಂಬಲಿಗರು ಹೆಚ್ಚುವರಿ ಪ್ರವೇಶ ಚೀಟಿಗಳನ್ನು ಅಚ್ಚು ಹಾಕಿಸಿ, ಸಿವಾರ್ಡ್ ಕಡೆಯವರು ಬರುವ ಮೊದಲೇ ಸಭಾಂಗಣವನ್ನು ಇಲಿನಾಯ್ ರಾಜ್ಯದವರೇ ಆದ ಅಬ್ರಹಾಂ ಲಿಂಕನ್ನರ ಹೆಸರು ಕೂಗುವವರಿಂದ ತುಂಬಿಸಿದರು. ಮೂರನೆಯ ಸುತ್ತಿನಲ್ಲಿ ಲಿಂಕನ್ ಆಯ್ಕೆಯಾದರು. ಆ ಕೂಗಾಟದಿಂದಲೇ ಅವರು ಗೆದ್ದರೆಂದು ಹೇಳಲಾಗದು, ಏಕೆಂದರೆ ಪ್ರತಿನಿಧಿಗಳೊಡನೆ ರಾತ್ರಿಯಿಡೀ ನಡೆದ ಮಾತುಕತೆಗಳು ಅದಕ್ಕಿಂತ ದೊಡ್ಡವು. ಆದರೂ ಸಮಾವೇಶ ನಡೆಯುವ ರಾಜ್ಯದವನಾಗಿರುವುದು ಅಭ್ಯರ್ಥಿಗೆ ಎಷ್ಟು ದೊಡ್ಡ ಆಸ್ತಿ ಎಂಬುದು ಅಂದೇ ತಿಳಿಯಿತು. ಅಲ್ಲಿಂದ ಮುಂದೆ ಎರಡೂ ಪಕ್ಷಗಳ ರಾಷ್ಟ್ರೀಯ ಸಮಾವೇಶಗಳು ಬೇರಾವ ಊರಿಗಿಂತ ಹೆಚ್ಚಾಗಿ ನಡೆದದ್ದು ಶಿಕಾಗೊದಲ್ಲೇ. 2024ರ ಆಗಸ್ಟಿನಲ್ಲಿ ಯುನೈಟೆಡ್ ಸೆಂಟರಿನಲ್ಲಿ ಕಮಲಾ ಹ್ಯಾರಿಸ್ ಅಭ್ಯರ್ಥಿತನ ಸ್ವೀಕರಿಸಿದ ಸಮಾವೇಶವನ್ನೂ ಸೇರಿಸಿದರೆ ಒಟ್ಟು 26.

1940ರ ಡೆಮಾಕ್ರಟಿಕ್ ಸಮಾವೇಶದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಮೂರನೆಯ ಅವಧಿಗೆ ನಿಲ್ಲುವ ಆಸೆಯನ್ನು ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾಯಿಬಿಟ್ಟು ಹೇಳಿರಲಿಲ್ಲ. ಪ್ರತಿನಿಧಿಗಳು ತಮಗಿಷ್ಟ ಬಂದವರನ್ನು ಆರಿಸಬಹುದೆಂಬ ಅವರ ಸಂದೇಶವನ್ನು ಶಿಕಾಗೊ ಸ್ಟೇಡಿಯಮ್ಮಿನಲ್ಲಿ ಓದಲಾಯಿತು. ಸಭೆ ಗೊಂದಲದಲ್ಲಿರುವಾಗಲೇ ಧ್ವನಿವರ್ಧಕಗಳಿಂದ ರೂಸ್‌ವೆಲ್ಟರೇ ಬೇಕೆಂಬ ಕೂಗು ಮತ್ತೆ ಮತ್ತೆ ಮೊಳಗಿತು. ನೆಲಮಾಳಿಗೆಯಲ್ಲಿ ಮೈಕು ಹಿಡಿದು ಕೂಗುತ್ತಿದ್ದವರು ನಗರದ ಒಳಚರಂಡಿ ವಿಭಾಗದ ಮುಖ್ಯಸ್ಥರು, ಮೇಯರ್ ಎಡ್ವರ್ಡ್ ಕೆಲ್ಲಿಯವರ ನಂಬಿಕೆಯ ಮನುಷ್ಯ. ಕೆಲ್ಲಿಯವರ ಈ ನಿಷ್ಠೆಗೆ ನೆಲದಡಿಯಲ್ಲೇ ಒಂದು ಕಾರಣವಿತ್ತು: ಸ್ಟೇಟ್ ಬೀದಿಯ ಕೆಳಗೆ ಆಗ ಅಗೆಯುತ್ತಿದ್ದ ಸುರಂಗ ರೈಲುಮಾರ್ಗಕ್ಕೆ ಹಣ ಬರುತ್ತಿದ್ದುದು ರೂಸ್‌ವೆಲ್ಟ್ ಸರ್ಕಾರದಿಂದ. ಅದಕ್ಕೂ ಹಿಂದಿನ ಮೇಯರ್ ಆಂಟನ್ ಸರ್ಮಾಕ್ 1932ರ ಸಮಾವೇಶದಲ್ಲಿ ರೂಸ್‌ವೆಲ್ಟರ ವಿರುದ್ಧ ನಿಂತು, ಬಳಿಕ ರಾಜಿ ಮಾಡಿಕೊಂಡು ಊರಿಗೆ ನೆರವು ಕೇಳಲೆಂದು 1933ರ ಫೆಬ್ರವರಿಯಲ್ಲಿ ಮಯಾಮಿಗೆ ಹೋದಾಗ, ರೂಸ್‌ವೆಲ್ಟರತ್ತ ಹಾರಿಸಿದ ಗುಂಡಿಗೆ ಸಿಕ್ಕಿ, ಮಾರ್ಚಿನಲ್ಲಿ ಸತ್ತರು. ದೊಡ್ಡ ನಗರವೊಂದರ ಮೇಯರು ದೇಶದ ಅಧ್ಯಕ್ಷನ ಬಾಗಿಲಿಗೆ ಏಕೆ ಹೋಗುತ್ತಾನೆ ಎಂಬುದಕ್ಕೆ ಈ ಎರಡು ಪ್ರಸಂಗಗಳೇ ಸಾಕು.

ಗೋಡೆಯ ಚಿತ್ರಗಳ ಹಿಂದಿರುವ ನಿಜವಾದ ಯಂತ್ರವನ್ನು ತಿಳಿಯಲು 1955ರಿಂದ 1976ರಲ್ಲಿ ತಾನು ಸಾಯುವವರೆಗೆ ಮೇಯರಾಗಿದ್ದ, ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ಜೆ. ಡೇಲಿಯವರ ಕಾಲಕ್ಕೆ ಬರಬೇಕು. ನಗರದಲ್ಲಿ 50 ವಾರ್ಡುಗಳು. ಪ್ರತಿ ವಾರ್ಡಿಗೆ ನಮ್ಮ ಕಾರ್ಪೊರೇಟರನಿಗೆ ಸಮನಾದ ಆಲ್ಡರ್‌ಮನ್ ಒಬ್ಬ, ಪಕ್ಷದ ಕಮಿಟಿಮನ್ ಒಬ್ಬ; ಅವರ ಕೆಳಗೆ ಒಂದೊಂದು ಮತಗಟ್ಟೆಗೂ ಒಬ್ಬ ಪ್ರಿಸಿಂಕ್ಟ್ ಕ್ಯಾಪ್ಟನ್. ಕಸದ ಡಬ್ಬಿ ಕೊಡಿಸುವುದು, ಮುರಿದ ಕಾಲುದಾರಿ ಸರಿ ಮಾಡಿಸುವುದು, ಹುಡುಗನೊಬ್ಬನಿಗೆ ನಗರಪಾಲಿಕೆಯಲ್ಲಿ ಕೆಲಸ ಹಚ್ಚಿಸುವುದು ಕ್ಯಾಪ್ಟನ್ನನ ಹೊಣೆ. ಚುನಾವಣೆಯ ದಿನ ತನ್ನ ಬೀದಿಯ ಮತಗಳನ್ನು ತಂದೊಪ್ಪಿಸುವುದು ಅದಕ್ಕೆ ಪ್ರತಿಫಲ. ಅವನ ಸ್ವಂತ ನೌಕರಿಯೂ ಆ ಮತಗಳ ಎಣಿಕೆಯ ಮೇಲೆಯೇ ನಿಂತಿರುತ್ತಿತ್ತು. ಹೀಗೆ ಕಸದ ಡಬ್ಬಿಯಿಂದ ಆರಂಭವಾದ ಸರಪಳಿಯ ಮೇಲಿನ ತುದಿಯಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿ ಇರುತ್ತಿದ್ದ.

1960ರಲ್ಲಿ ಜಾನ್ ಕೆನಡಿ ಇಲಿನಾಯ್ ರಾಜ್ಯವನ್ನು ಗೆದ್ದದ್ದು 8,858 ಮತಗಳ ಅಂತರದಿಂದ. ಶಿಕಾಗೊ ಇರುವ ಕುಕ್ ಕೌಂಟಿಯೊಂದರಲ್ಲೇ ಅವರ ಮುನ್ನಡೆ 3 ಲಕ್ಷವನ್ನು ಮೀರಿತ್ತು. ರಾಜ್ಯದ ಉಳಿದ ಭಾಗವೆಲ್ಲ ಸೇರಿ ರಿಚರ್ಡ್ ನಿಕ್ಸನ್ನರ ಪರವಾಗಿ ವಾಲಿದ್ದರೂ ಆ ಮುನ್ನಡೆಯನ್ನು ಅಳಿಸಲಾಗಲಿಲ್ಲ. ಡೇಲಿ ಮತಗಳನ್ನು ಕದ್ದು ಕೆನಡಿಗೆ ಅಧ್ಯಕ್ಷ ಪದವಿ ಕೊಡಿಸಿದರೆಂಬ ಕಥೆ ಹುಟ್ಟಿದ್ದು ಅಲ್ಲಿಂದ. ಲೆಕ್ಕ ಹಾಕಿ ನೋಡಿದರೆ ಆ ಕಥೆ ಪೂರ್ತಿ ನಿಲ್ಲುವುದಿಲ್ಲ. ಕೆನಡಿಗೆ ದೊರೆತ ಎಲೆಕ್ಟೋರಲ್ ಮತಗಳು (ರಾಜ್ಯ ಗೆದ್ದವನಿಗೆ ಸಿಗುವ, ಅಧ್ಯಕ್ಷನನ್ನು ತೀರ್ಮಾನಿಸುವ ಮತಗಳು) 303, ಬೇಕಾಗಿದ್ದುದು 269, ಇಲಿನಾಯ್ ಪಾಲು 27. ಅದನ್ನು ಕಳೆದರೂ ಅವರ ಬಳಿ 276 ಉಳಿಯುತ್ತಿದ್ದವು. ನಿಕ್ಸನ್ ಗೆಲ್ಲಬೇಕಾದರೆ ಇಲಿನಾಯ್ ಜೊತೆಗೆ ಟೆಕ್ಸಸ್ಸಿನಂಥ ಮತ್ತೊಂದು ದೊಡ್ಡ ರಾಜ್ಯವೂ ಕೈಗೆ ಬರಬೇಕಿತ್ತು. ಮತಗಟ್ಟೆಗಳಲ್ಲಿ ಅಕ್ರಮ ನಡೆಯಲಿಲ್ಲವೆಂದು ಇದರ ಅರ್ಥವಲ್ಲ. ನಡೆದದ್ದು ಯಾರಿಗಾಗಿ ಎಂಬುದೇ ಇಲ್ಲಿನ ಪ್ರಶ್ನೆ. ಆ ವರ್ಷ ಡೇಲಿಯವರಿಗೆ ನಿದ್ದೆ ಕೆಡಿಸಿದ್ದ ಸ್ಪರ್ಧೆ ಅಧ್ಯಕ್ಷ ಪದವಿಯದಕ್ಕಿಂತ ಹೆಚ್ಚಾಗಿ ಕುಕ್ ಕೌಂಟಿಯ ಸರ್ಕಾರಿ ಪ್ರಾಸಿಕ್ಯೂಟರ್ ಹುದ್ದೆಯದಾಗಿತ್ತು. ಆ ಹುದ್ದೆಯಲ್ಲಿದ್ದ ಬೆಂಜಮಿನ್ ಆಡಮೌಸ್ಕಿ ಡೇಲಿಯವರ ಹಳೆಯ ಎದುರಾಳಿ, ಪಕ್ಷ ಬಿಟ್ಟು ರಿಪಬ್ಲಿಕನ್ ಆದವರು. ನಗರಾಡಳಿತದ ಕಡತಗಳನ್ನು ಕೆದಕುತ್ತಿದ್ದ ಅವರನ್ನು ಕೆಳಗಿಳಿಸುವುದು ಪಕ್ಷದ ಯಂತ್ರಕ್ಕೆ ಅಳಿವು ಉಳಿವಿನ ವಿಷಯವಾಗಿತ್ತು. ಅವರು ಸೋತರು. ಮಹಾನಗರಗಳು ದೇಶದ ರಾಜಕೀಯದ ಮೇಲೆ ಬೀರುವ ಪ್ರಭಾವವನ್ನು ಕುರಿತು ಬರೆಯುವವರು ಈ ಸಂಗತಿಯನ್ನು ಮರೆಯುವುದೇ ಹೆಚ್ಚು: ನಗರಕ್ಕೆ ತನ್ನ ಊರಿನ ಅಧಿಕಾರವೇ ಮುಖ್ಯ, ಶ್ವೇತಭವನಕ್ಕೆ ಹೋಗುವ ಮತಗಳು ಆ ಜಗಳದ ಜೊತೆಯಲ್ಲೇ ಬಂದು ಬೀಳುತ್ತವೆ.

ಆ ಯಂತ್ರ ಮುರಿದದ್ದು ನಿಧಾನವಾಗಿ. 1968ರ ಸಮಾವೇಶದ ಹೊತ್ತಿಗೆ ಮಿಷಿಗನ್ ಅವೆನ್ಯೂದಲ್ಲಿ ಪೊಲೀಸರು ಯುದ್ಧವಿರೋಧಿ ಯುವಕರನ್ನು ಬಡಿದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ನವೆಂಬರಿನಲ್ಲಿ ಇಲಿನಾಯ್ ನಿಕ್ಸನ್ನರ ಪಾಲಾಯಿತು. ಆಮೇಲೆ ಬಂದ ಪಕ್ಷದ ಸುಧಾರಣೆಗಳು ಅಭ್ಯರ್ಥಿಯ ಆಯ್ಕೆಯನ್ನು ಮುಖಂಡರ ಕೈಯಿಂದ ತೆಗೆದು ಪ್ರಾಥಮಿಕ ಚುನಾವಣೆಗಳ ಮತದಾರರಿಗೆ ಕೊಟ್ಟವು. 1972ರಲ್ಲಿ ಡೇಲಿಯವರ ನೇತೃತ್ವದ ಪ್ರತಿನಿಧಿಗಳನ್ನೇ ಮಯಾಮಿ ಬೀಚಿನ ಸಮಾವೇಶ ಹೊರಗಿಟ್ಟಿತು. ಅದೇ ವರ್ಷದಿಂದ ಆರಂಭವಾದ, ಶಾಕ್‌ಮನ್ ಹೆಸರಿನ ನ್ಯಾಯಾಲಯದ ಆದೇಶಗಳು ರಾಜಕೀಯ ನಿಷ್ಠೆ ನೋಡಿ ನೌಕರಿ ಕೊಡುವ, ಕಿತ್ತುಕೊಳ್ಳುವ ಪದ್ಧತಿಗೆ ಕಡಿವಾಣ ಹಾಕಿದವು. ಕ್ಯಾಪ್ಟನ್ನನಿಗೆ ಕೊಡಲು ಏನೂ ಉಳಿಯದಾದಾಗ ಕೇಳಲೂ ಏನೂ ಉಳಿಯಲಿಲ್ಲ.

ಒಬಾಮಾ 1985ರಲ್ಲಿ ಸಮುದಾಯ ಸಂಘಟಕರಾಗಿ ಈ ಊರಿಗೆ ಬಂದಾಗ ಹಳೆಯ ಯಂತ್ರದ ಜಾಗದಲ್ಲಿ ಬೇರೆಯದು ಕಟ್ಟಿಕೊಳ್ಳುತ್ತಿತ್ತು. ಎರಡು ವರ್ಷ ಹಿಂದೆ ಹೆರಾಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರಾಗಿದ್ದರು. ಕಪ್ಪು ಜನ, ಲ್ಯಾಟಿನೊಗಳು ಮತ್ತು ಸರೋವರದ ದಂಡೆಯ ಉದಾರವಾದಿ ಬಿಳಿಯರು ಒಂದಾದರೆ ಗೆಲ್ಲಬಹುದೆಂಬುದನ್ನು ಅವರು ತೋರಿಸಿದ್ದರು. 1992ರಲ್ಲಿ ಮತದಾರರ ನೋಂದಣಿ ಅಭಿಯಾನವೊಂದನ್ನು ನಡೆಸಿದ ಒಬಾಮಾ, ಮುಂದೆ ರಾಜ್ಯ ಸೆನೆಟ್ಟಿಗೆ ಹೋದಾಗ ಅವರನ್ನು ಬೆಳೆಸಿದವರು ಅಲ್ಲಿನ ನಾಯಕರಾಗಿದ್ದ ಎಮಿಲ್ ಜೋನ್ಸ್. ಅವರು ಹಿಂದೊಮ್ಮೆ ನಗರದ ಒಳಚರಂಡಿ ಇನ್‌ಸ್ಪೆಕ್ಟರಾಗಿದ್ದವರು. ಶಿಕಾಗೊದ ಚರಂಡಿ ವಿಭಾಗಕ್ಕೂ ಶ್ವೇತಭವನಕ್ಕೂ ಏನೋ ಋಣಾನುಬಂಧವಿರಬೇಕು. 2008ರ ನವೆಂಬರ್ 4ರ ರಾತ್ರಿ ಒಬಾಮಾ ವಿಜಯಭಾಷಣ ಮಾಡಿದ ಗ್ರಾಂಟ್ ಪಾರ್ಕ್ ಈ ಹೋಟೆಲಿನಿಂದ ಸುಮಾರು ಒಂದು ಮೈಲಿ ದೂರ.

ಇಂದು ಶಿಕಾಗೊದ ಮತಗಳಿಗೆ ಅಂಥ ಬೆಲೆಯಿಲ್ಲ. 1992ರಿಂದ ಇಲಿನಾಯ್ ಪ್ರತಿ ಬಾರಿಯೂ ಡೆಮಾಕ್ರಟಿಕ್ ಪಕ್ಷದ ಪಾಲಾಗಿದೆ. 2024ರಲ್ಲಿ ಹ್ಯಾರಿಸ್ ಅವರ ಮುನ್ನಡೆ ಕುಗ್ಗಿತಾದರೂ ಸುಮಾರು 11 ಶೇಕಡಾ ಅಂಶಗಳಷ್ಟಿತ್ತು. 1960ರಲ್ಲಿ 27 ಇದ್ದ ಎಲೆಕ್ಟೋರಲ್ ಮತಗಳು ಈಗ 19. ನಗರದ ಜನಸಂಖ್ಯೆ 1950ರಲ್ಲಿ 36 ಲಕ್ಷ ಮೀರಿದ್ದುದು 2020ರ ಹೊತ್ತಿಗೆ 27 ಲಕ್ಷಕ್ಕೆ ಇಳಿದಿದೆ. ಅಭ್ಯರ್ಥಿಯ ಭವಿಷ್ಯ ನಗರವೊಂದರ ಮತಗಟ್ಟೆಗಳಲ್ಲಿ ತೀರ್ಮಾನವಾಗುವುದಿದ್ದರೆ ಅದು ಈಗ ಫಿಲಡೆಲ್ಫಿಯಾ, ಮಿಲ್ವಾಕಿ, ಡೆಟ್ರಾಯಿಟ್‌ಗಳಲ್ಲಿ. 2016ರಲ್ಲಿ ಡೊನಾಲ್ಡ್ ಟ್ರಂಪ್ ಮಿಷಿಗನ್ ರಾಜ್ಯವನ್ನು ಗೆದ್ದದ್ದು 10,704 ಮತಗಳಿಂದ. ಡೆಟ್ರಾಯಿಟ್ ನಗರದಲ್ಲಿ ಹಿಲರಿ ಕ್ಲಿಂಟನ್ನರಿಗೆ ನಾಲ್ಕು ವರ್ಷ ಹಿಂದೆ ಒಬಾಮಾಗೆ ಬಿದ್ದಷ್ಟು ಮತಗಳು ಬೀಳಲಿಲ್ಲ. ಆ ಡೆಟ್ರಾಯಿಟ್‌ನ ಬಹುಭಾಗ ಸೇರಿರುವ ಕ್ಷೇತ್ರವನ್ನು ಅಮೆರಿಕದ ಕೆಳಮನೆಯಲ್ಲಿ 2023ರಿಂದ ಪ್ರತಿನಿಧಿಸುತ್ತಿರುವವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಎಂಬುದು ನಮ್ಮವರಿಗೆ ಗೊತ್ತಿರಲಿ. ಶಿಕಾಗೊದ ಪಕ್ಷ ಕಾರ್ಯಕರ್ತರು ಈಗ ತಮ್ಮ ಬೀದಿಗಳನ್ನು ಬಿಟ್ಟು ವಾರಾಂತ್ಯಗಳಲ್ಲಿ ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಿಗೆ ಹೋಗಿ ಅಲ್ಲಿನ ಬಾಗಿಲುಗಳನ್ನು ತಟ್ಟುತ್ತಾರೆ. ಈ ಊರು ಈಗ ರಾಷ್ಟ್ರ ರಾಜಕೀಯಕ್ಕೆ ಕೊಡುತ್ತಿರುವುದು ಹಣ, ಕಾರ್ಯಕರ್ತರು ಮತ್ತು ಆಕ್ಸೆಲ್‌ರಾಡ್, ರಾಮ್ ಇಮ್ಯಾನುಯೆಲ್‌ರಂಥ ಪಳಗಿದ ಆಳುಗಳನ್ನು.

ಈ ಹಿನ್ನೆಲೆಯಲ್ಲಿ ಮ್ಯಾನೀಸ್ ಗೋಡೆಯನ್ನು ನೋಡಿದರೆ, ಅದು ತೋರಿಸುವುದು ನಿರ್ಧಾರಗಳನ್ನಲ್ಲ, ನಿರ್ಧಾರವಾದ ಮೇಲಿನ ಊಟಗಳನ್ನು. ಮುಂದೆ ಅಧ್ಯಕ್ಷರಾದ ವಾರನ್ ಹಾರ್ಡಿಂಗರನ್ನು 1920ರಲ್ಲಿ ಅಭ್ಯರ್ಥಿಯಾಗಿ ಆರಿಸಿದ್ದು ಬ್ಲ್ಯಾಕ್‌ಸ್ಟೋನ್ ಹೋಟೆಲಿನ ಹೊಗೆ ತುಂಬಿದ ಕೋಣೆಯಲ್ಲಿ ಎಂದು ಹೇಳುವಂತೆ, ಯಾವ ಅಧ್ಯಕ್ಷನನ್ನೂ ಈ ಮೇಜುಗಳಲ್ಲಿ ಆರಿಸಿದರೆಂದು ಹೇಳಲು ಬರುವುದಿಲ್ಲ. ಕ್ಯಾಮೆರಾ ಜೊತೆಯಲ್ಲಿ ಬಂದ ಅಭ್ಯರ್ಥಿ ಸ್ಯಾಂಡ್‌ವಿಚ್ಚನ್ನು ಎತ್ತಿ ತೋರಿಸಿ ಹೋಗುವುದರಲ್ಲಿ ಪ್ರಚಾರದ ಪಾಲೇ ಹೆಚ್ಚು. ಹಾಗೆಂದು ಖ್ಯಾತಿ ಪೂರ್ತಿ ಸುಳ್ಳೂ ಅಲ್ಲ. ಕ್ಯಾಮೆರಾ ಇಲ್ಲದ ದಿನಗಳಲ್ಲಿ ಮಧ್ಯಾಹ್ನ ಇಲ್ಲಿ ಕೂತರೆ ಅಕ್ಕಪಕ್ಕದ ಮೇಜುಗಳಿಂದ ಕಿವಿಗೆ ಬೀಳುವುದು ಹಿಮ ತೆಗೆಯದ ಬೀದಿ, ಆಸ್ತಿ ತೆರಿಗೆ, ಶಾಲೆ, ಪಾರ್ಕಿಂಗ್ ಮೀಟರು, ಬೇಸ್‌ಬಾಲ್ ಇಂಥವುಗಳ ಮಾತು. ವಾಷಿಂಗ್ಟನ್ನಿನ ಸುದ್ದಿ ಅಪರೂಪ. ಡೇಲಿ ಕಾಲದ ಕ್ಯಾಪ್ಟನ್ನುಗಳು ಮಾತಾಡುತ್ತಿದ್ದುದೂ ಬಹುಶಃ ಇದನ್ನೇ, ಮತ್ತು ಕೆನಡಿಗೆ ಬಿದ್ದ ಮತಗಳು ಹುಟ್ಟಿದ್ದೂ ಇಂಥ ಮಾತುಗಳಿಂದಲೇ. ಆ ಮಟ್ಟಿಗೆ, ನಗರ ರಾಜಕೀಯದ ರುಚಿ ತಿಳಿಯಬೇಕೆನ್ನುವವರಿಗೆ ಊರಿನ ಯಾವ ವಸ್ತುಸಂಗ್ರಹಾಲಯಕ್ಕಿಂತಲೂ ಈ ಊಟದ ಮನೆ ಹೆಚ್ಚು ಉಪಯುಕ್ತವೆಂದೇ ನನ್ನ ಅಭಿಪ್ರಾಯ.

ಹೋಗುವವರಿಗೆ ಕೆಲವು ಸೂಚನೆಗಳು. ವಾರದ ದಿನಗಳಲ್ಲಿ ಹನ್ನೆರಡರಿಂದ ಒಂದೂವರೆಯವರೆಗೆ ಸಾಲು ಉದ್ದವಿರುತ್ತದೆ; ಜನರನ್ನು ನೋಡುವ ಆಸೆಯಿದ್ದರೆ ಅದೇ ಹೊತ್ತಿಗೆ, ಊಟವಷ್ಟೇ ಬೇಕಿದ್ದರೆ ಹನ್ನೊಂದರ ಸುಮಾರಿಗೆ ಹೋಗುವುದು ಲೇಸು. ತೆರೆಯುವ ವೇಳೆ ಬದಲಾಗುತ್ತಿರುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಹೋಟೆಲಿಗೆ ಸೇರಿದ ವಾಹನ ನಿಲುಗಡೆಯ ಜಾಗವಿದೆ, ಈ ಊರಿನಲ್ಲಿ ಅದು ಸಣ್ಣ ಸೌಲಭ್ಯವಲ್ಲ. ಕೌಂಟರಿನ ಮುಂದೆ ನಿಂತು ಯೋಚಿಸಬೇಡಿ. ಸಾಲಿಗೆ ಸೇರುವ ಮೊದಲೇ ಬೋರ್ಡು ಓದಿಕೊಳ್ಳಿ. ಮೊದಲ ಬಾರಿಗೆ ಹೋಗುವವರು ಇಬ್ಬರಿಗೆ ಒಂದು ಕಾರ್ನ್ಡ್ ಬೀಫ್, ಒಂದು ಮಾಟ್ಸೊ ಬಾಲ್ ಸೂಪ್, ಹೆಚ್ಚುವರಿಯಾಗಿ ಒಂದು ಆಲೂಗಡ್ಡೆ ಪ್ಯಾನ್‌ಕೇಕ್ ತೆಗೆದುಕೊಂಡರೆ ಸಾಕು. ಚೀಟಿಯನ್ನು ಮಾತ್ರ ಕಳೆದುಕೊಳ್ಳಬೇಡಿ, ಹೊರಡುವಾಗ ಗಲ್ಲೆಯಲ್ಲಿ ಅದನ್ನು ಕೇಳುತ್ತಾರೆ.